ಬಳ್ಳಾರಿಯಲ್ಲಿ ಓಡಿ ಮೊಹಾವಿ ಮರುಭೂಮಿ ದಾಟುವುದು ಹೇಗೆ

ವರ್ಚುವಲ್ ರನ್ ಅಂದರೆ ದೊಡ್ಡ ವಿದ್ಯೆ ಏನಲ್ಲ. ಓಡುವುದು ನಿಮ್ಮ ಊರಲ್ಲಿ, ಕಿಲೋಮೀಟರ್ ಜಮಾ ಆಗುವುದು ದೂರದ ಯಾವುದೋ ರಸ್ತೆಯ ಮೇಲೆ. ಇವತ್ತು ಬೆಳಗ್ಗೆ ಮೋಕಾ ರೋಡಲ್ಲಿ 6 ಕಿ.ಮೀ. ಓಡಿದಿರಿ ಅಂದರೆ, ನಕ್ಷೆಯಲ್ಲಿ ನಿಮ್ಮ ಗುರುತು ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 6 ಕಿ.ಮೀ. ಮುಂದೆ ಹೋಯಿತು. ವೀಸಾ ಬೇಡ, ವಿಮಾನ ಬೇಡ, ರಜೆ ಕೇಳುವುದೂ ಬೇಡ.

2020ರ ಲಾಕ್‌ಡೌನ್ ಹೊತ್ತಲ್ಲಿ ಈ ಹುಚ್ಚು ಜಾಸ್ತಿಯಾಯಿತು. ಆ ವರ್ಷ ಮೇ ತಿಂಗಳಿಂದ ಆಗಸ್ಟ್‌ವರೆಗೆ ಅಮೆರಿಕದ ಟೆನ್ನೆಸ್ಸೀ ರಾಜ್ಯವನ್ನು ಅಡ್ಡಕ್ಕೆ ದಾಟುವ ಸುಮಾರು 1,000 ಕಿ.ಮೀ. ಓಟ ನಡೆಯಿತು. ಸಾವಿರಾರು ಜನ ತಮ್ಮ ತಮ್ಮ ಬೀದಿಯಲ್ಲೇ ಓಡಿ ಅದರಲ್ಲಿ ಸೇರಿಕೊಂಡರು. ಅದನ್ನು ನಡೆಸಿದ್ದು ಬಾರ್ಕ್ಲಿ ಮ್ಯಾರಥಾನ್ಸ್ ಎಂಬ ಮಹಾ ಕಷ್ಟದ ಓಟ ಹುಟ್ಟುಹಾಕಿದ ಲಜಾರಸ್ ಲೇಕ್. ಈಗ ದುಡ್ಡು ತಗೊಂಡು ಮೆಡಲ್ ಕಳಿಸುವ ಆ್ಯಪ್‌ಗಳೂ ಬೇಕಾದಷ್ಟಿವೆ. ಬೇಕಾದವರು ಸೇರಬಹುದು. ನಾನು ಹೇಳುವುದು ಪೈಸೆ ಖರ್ಚಿಲ್ಲದ ದಾರಿ.

ಶುರು ಮಾಡುವವರು ತುಂಬಾ ಜನ, ಮುಗಿಸುವವರು ಕಡಿಮೆ. ಯಾಕೆ ಅಂದರೆ ಎಲ್ಲರೂ ಮೊದಲು ಇಡೀ ದೇಶಕ್ಕೇ ಕೈ ಹಾಕುತ್ತಾರೆ. ಅಮೆರಿಕದ ಹಳೇ ಹೆದ್ದಾರಿ ರೂಟ್ 66 ಪೂರ್ತಿ ಓಡ್ತೀವಿ ಅನ್ನುತ್ತಾರೆ, ಅದು ಶಿಕಾಗೋದಿಂದ ಸಾಂಟಾ ಮೋನಿಕಾವರೆಗೆ ಸುಮಾರು 3,900 ಕಿ.ಮೀ. ಇದೆ. ವಾರಕ್ಕೆ 25 ಕಿ.ಮೀ. ಓಡುವ ಮನುಷ್ಯನಿಗೆ ಅದು ಮೂರು ವರ್ಷದ ಕೆಲಸ. ಮೂರನೇ ತಿಂಗಳಿಗೇ ಗುರುತು ಎಲ್ಲೋ ಹೆಸರಿಲ್ಲದ ಜೋಳದ ಹೊಲದ ನಡುವೆ ನಿಂತಿರುತ್ತದೆ, ಗ್ರೂಪಲ್ಲಿ ಗುಡ್ ಮಾರ್ನಿಂಗ್ ಫೋಟೋ ಬಿಟ್ಟರೆ ಬೇರೇನೂ ಬರುವುದಿಲ್ಲ.

ಹಾಗಾಗಿ ನನ್ನ ಸಲಹೆ ಒಂದೇ. ದೂರ ನೋಡಿ ದಾರಿ ಆರಿಸಬೇಡಿ, ಊರು ನೋಡಿ ಆರಿಸಿ. ಒಂದೆರಡು ವಾರಕ್ಕೆ ಒಂದು ಊರು ಸಿಗಬೇಕು, ಸಿಕ್ಕ ಊರಲ್ಲಿ ಏನಾದರೂ ಕಥೆ ಇರಬೇಕು. ಊರು ಇಲ್ಲದ ಕಡೆ ಊರು ಹುಡುಕಿಕೊಳ್ಳಬೇಕು. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ದಾರಿ ಯಾವುದು

ನಾನು ಹೇಳುವ ತುಂಡು ಬಾರ್‌ಸ್ಟೋದಿಂದ ಫ್ಲ್ಯಾಗ್‌ಸ್ಟಾಫ್‌ವರೆಗೆ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ ಶುರು, ಅರಿಜೋನಾದ ಬೆಟ್ಟದ ಮೇಲೆ ಮುಕ್ತಾಯ. ಹಳೇ ರೂಟ್ 66 ಹಿಡಿದು ಹೋದರೆ ಸುಮಾರು 600 ಕಿ.ಮೀ. ಬರುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಮರುಭೂಮಿಯೇ ಯಾಕೆ, ಇಲ್ಲಿನ ಬಿಸಿಲು ಸಾಲದಾ ಅಂತ ಕೇಳಬಹುದು. ಅದಕ್ಕೇ ಬೇಕು. ಬೆವರು ಒರೆಸಿಕೊಳ್ಳುತ್ತಾ ಸ್ವಿಟ್ಜರ್ಲೆಂಡಿನ ಹಿಮದ ಫೋಟೋ ನೋಡಿದರೆ ಹೊಟ್ಟೆ ಉರಿಯುತ್ತದೆ ಅಷ್ಟೇ. ಬಂಡೆಗುಡ್ಡ, ಜಾಲಿಮುಳ್ಳು, ಮರಳು ತುಂಬಿದ ಹೊಳೆ, ಗಣಿ, ಗೂಡ್ಸ್ ರೈಲು ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳು. ಅಲ್ಲಿಯೂ ಹೆಚ್ಚುಕಡಿಮೆ ಅವೇ ಇವೆ. ಮಳೆ ಮಾತ್ರ ನಮಗಿಂತ ತುಂಬಾ ಕಡಿಮೆ. ಬಳ್ಳಾರಿಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸು ಬಿದ್ದರೆ, ಆ ದಾರಿಯ ನೀಡಲ್ಸ್ ಊರಿಗೆ 100ರಿಂದ 120 ಬಿದ್ದರೆ ಅದೇ ದೊಡ್ಡದು.

ನಮ್ಮ ದೇಶದ್ದೇ ಬೇಕು ಅನ್ನುವವರಿಗೆ ಥಾರ್ ಇದೆ. ಬಿಕಾನೇರ್‌ನಿಂದ ಫಲೋದಿ, ಪೋಖರಣ್ ಮೂಲಕ ಜೈಸಲ್ಮೇರ್‌ಗೆ ಸುಮಾರು 330 ಕಿ.ಮೀ. ಫಲೋದಿಯಲ್ಲಿ 2016ರ ಮೇ 19ರಂದು 51 ಡಿಗ್ರಿ ದಾಖಲಾಗಿತ್ತು. ಅದರ ಪಕ್ಕದ ಖೀಚನ್ ಹಳ್ಳಿಗೆ ಚಳಿಗಾಲದಲ್ಲಿ ಸಾವಿರಾರು ಕೊಕ್ಕರೆ ಜಾತಿಯ ಹಕ್ಕಿಗಳು ಬರುತ್ತವೆ, ಊರಿನವರು ಕಾಳು ಹಾಕುತ್ತಾರೆ. ಶಾಲೆ ಮಕ್ಕಳ ಗುಂಪಿಗೆ ಇದು ಚೆನ್ನಾಗಿ ಒಪ್ಪುತ್ತದೆ. ದೊಡ್ಡವರಿಗೆ ನಾನು 600 ಕಿ.ಮೀ. ದಾರಿಯನ್ನೇ ಹೇಳುತ್ತೇನೆ.

ನಕ್ಷೆ, ಲೆಕ್ಕ

ಗೂಗಲ್ ಮ್ಯಾಪ್ಸ್‌ನಲ್ಲಿ ಬಾರ್‌ಸ್ಟೋ, ಫ್ಲ್ಯಾಗ್‌ಸ್ಟಾಫ್ ಎರಡೂ ಹಾಕಿದರೆ ಅದು ಸೀದಾ ಇಂಟರ್‌ಸ್ಟೇಟ್ 40 ಎಂಬ ಹೊಸ ಹೆದ್ದಾರಿ ತೋರಿಸುತ್ತದೆ. ಅದು ಬೇಡ. ಕಂಪ್ಯೂಟರ್‌ನಲ್ಲಿ ತೆರೆದು, ನೀಲಿ ಗೆರೆಯನ್ನು ಹಿಡಿದು ಆಂಬಾಯ್, ಓಟ್‌ಮನ್, ಪೀಚ್ ಸ್ಪ್ರಿಂಗ್ಸ್ ಮೇಲೆ ಎಳೆಯಿರಿ. ರಸ್ತೆ ಮುಚ್ಚಿದೆ ಅಂತ ಎಲ್ಲಾದರೂ ಹಟ ಮಾಡಿದರೆ, ಗೂಗಲ್‌ನದೇ ಮೈ ಮ್ಯಾಪ್ಸ್‌ನಲ್ಲಿ ನೀವೇ ಕೈಯಿಂದ ಗೆರೆ ಎಳೆಯಿರಿ, ಗೆರೆ ಎಷ್ಟು ಉದ್ದ ಅಂತ ಅದೇ ಹೇಳುತ್ತದೆ. ಅಮೆರಿಕದ ಪುಟಗಳಲ್ಲಿ ದೂರ ಎಲ್ಲಾ ಮೈಲಿಯಲ್ಲಿರುತ್ತದೆ. 1.6ರಿಂದ ಗುಣಿಸಿಕೊಂಡರೆ ಸಾಕು, ಇಲ್ಲಿ ಯಾರೂ ಟೇಪ್ ಹಿಡಿದು ಅಳೆಯುವುದಿಲ್ಲ.

ಅಂದಾಜು ದೂರ ಹೀಗಿದೆ: ಬಾರ್‌ಸ್ಟೋದಿಂದ ಲಡ್ಲೋ 80, ಅಲ್ಲಿಂದ ಆಂಬಾಯ್ 45, ಆಂಬಾಯ್‌ಯಿಂದ ನೀಡಲ್ಸ್ 125, ನೀಡಲ್ಸ್‌ನಿಂದ ಓಟ್‌ಮನ್ 40, ಓಟ್‌ಮನ್‌ನಿಂದ ಕಿಂಗ್‌ಮನ್ 45, ಕಿಂಗ್‌ಮನ್‌ನಿಂದ ಸೆಲಿಗ್‌ಮನ್ 140, ಅಲ್ಲಿಂದ ವಿಲಿಯಮ್ಸ್ 70, ಕೊನೆಗೆ ಫ್ಲ್ಯಾಗ್‌ಸ್ಟಾಫ್ 52. ಮೇಲೆ ಕೆಳಗೆ ನಾಲ್ಕೈದು ಕಿಲೋಮೀಟರ್ ಆಗಬಹುದು.

ಈಗ ಕಾಲ. ನಮ್ಮ ಕಡೆ ವಿಜಯದಶಮಿಗೆ ಶುರು ಮಾಡಿ ಯುಗಾದಿ ಹೊತ್ತಿಗೆ ಮುಗಿಸುವುದು ಒಳ್ಳೆಯದು. ಸುಮಾರು 24 ವಾರ ಸಿಗುತ್ತದೆ, ವಿಶ್ರಾಂತಿಗೆ ಎರಡು ವಾರ ಬಿಟ್ಟರೆ ವಾರಕ್ಕೆ 27-28 ಕಿ.ಮೀ. ಅಂದರೆ ವಾರದಲ್ಲಿ ನಾಲ್ಕು ದಿನ, ದಿನಕ್ಕೆ 7. ಈಗಾಗಲೇ 5 ಕಿ.ಮೀ. ಓಡುವ ಅಭ್ಯಾಸ ಇದ್ದರೆ ಇದು ಆಗುವ ಮಾತು. ಇಲ್ಲದಿದ್ದರೆ ನಾಲ್ಕು ಜನ ಸೇರಿ 600 ಹಂಚಿಕೊಳ್ಳಿ, ತಲೆಗೆ 150. ಮೂರು ತಿಂಗಳಲ್ಲಿ ಮುಗಿಸಬೇಕು ಅಂದರೂ ವಾರಕ್ಕೆ 12-13 ಕಿ.ಮೀ. ಮಾತ್ರ. ಗಂಡ ಹೆಂಡತಿ, ಅಣ್ಣ ತಮ್ಮ, ಆಫೀಸಿನ ಇಬ್ಬರು ಮೂವರು, ಯಾರಾದರೂ ಸರಿ.

ಓಟ ಅಳೆಯುವುದಕ್ಕೆ ಸ್ಟ್ರಾವಾ ಆ್ಯಪ್ ಸಾಕು, ಉಚಿತದ್ದೇ ನಡೆಯುತ್ತದೆ. ಅದರಲ್ಲಿ ಒಂದು ಕ್ಲಬ್ ಮಾಡಿದರೆ ವಾರದ ಪಟ್ಟಿ ತಾನೇ ಬರುತ್ತದೆ. ಆದರೆ ಆ ಪಟ್ಟಿಯಲ್ಲಿ ಸಿಗುವುದು ಈ ವಾರದ್ದು, ಹಿಂದಿನ ವಾರದ್ದು ಅಷ್ಟೇ. ಸೋಮವಾರ ಹೊಸ ವಾರ ಶುರು. ಹಾಗಾಗಿ ಪ್ರತಿ ಸೋಮವಾರ ಯಾರಾದರೂ ಒಬ್ಬರು ಕೂತು ಗೂಗಲ್ ಶೀಟ್‌ಗೆ ಬರೆದುಕೊಳ್ಳಬೇಕು. ಶೀಟಲ್ಲಿ ಜಾಸ್ತಿ ಕಾಲಂ ಬೇಡ. ಹೆಸರು, ವಾರ, ಈ ವಾರದ ಕಿ.ಮೀ., ಒಟ್ಟು, ಮುಂದಿನ ಊರು, ಅದಕ್ಕೆ ಇನ್ನೆಷ್ಟು. ಕೊನೆಯ ಎರಡು ಕಾಲಂ ಮರೆಯಬೇಡಿ. "ಒಟ್ಟು 118" ಅಂದರೆ ಯಾರಿಗೂ ಏನೂ ಅನಿಸುವುದಿಲ್ಲ, "ಆಂಬಾಯ್‌ಗೆ ಇನ್ನು 7" ಅಂದರೆ ನಾಳೆ ಬೆಳಗ್ಗೆ ಅಲಾರಂ ಹೊಡೆಯುವ ಮುಂಚೆಯೇ ಎದ್ದಿರುತ್ತಾರೆ.

ಯಾವುದು ಲೆಕ್ಕಕ್ಕೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಮೊದಲ ದಿನವೇ ತೀರ್ಮಾನ ಮಾಡಿ. ಓಟ ಬರುತ್ತದೆ, ನಡಿಗೆ ಬರುತ್ತದೆ, ಟ್ರೆಡ್‌ಮಿಲ್ ಫೋಟೋ ಇದ್ದರೆ ಬರುತ್ತದೆ. ಸೈಕಲ್ ಬರುವುದಿಲ್ಲ. ಮನೆಯೊಳಗೆ ಓಡಾಡಿದ ಸ್ಟೆಪ್ಸ್ ಬರುವುದಿಲ್ಲ, ಅದನ್ನು ಸೇರಿಸಿದರೆ ಜಗಳ ಗ್ಯಾರಂಟಿ. ಇನ್ನೊಂದು ನಮ್ಮ ಕಡೆಯದೇ ಪ್ರಶ್ನೆ: ಪಾದಯಾತ್ರೆ. ಯುಗಾದಿ ಮುಂಚೆ ಶ್ರೀಶೈಲಕ್ಕೆ ನಡೆಯುವವರು ಇರುತ್ತಾರೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ನಡೆದು ಹೋಗುವವರು ಇರುತ್ತಾರೆ. ನೋಡನೋಡುತ್ತಲೇ ಅಂಥವರ ಗುರುತು ಎಲ್ಲರನ್ನೂ ಬಿಟ್ಟು ಅರಿಜೋನಾ ಸೇರಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಲೆಕ್ಕಕ್ಕೆ ಸೇರಬೇಕು, ನಡೆದದ್ದು ನಡೆದದ್ದೇ. ಬೇಡ ಅನ್ನುವವರ ಮಾತೂ ತಪ್ಪಲ್ಲ. ಮೊದಲೇ ಮಾತಾಡಿಕೊಂಡಿರಿ ಅಷ್ಟೇ.

ಊರುಗಳು

ಇದೇ ಮುಖ್ಯ ಭಾಗ, ಇಲ್ಲಿ ಸೋಮಾರಿತನ ಮಾಡಬೇಡಿ. ಪ್ರತಿ ಊರನ್ನೂ ಒಬ್ಬೊಬ್ಬರಿಗೆ ವಹಿಸಿ. ಗುರುತು ಆ ಊರು ಮುಟ್ಟಿದ ದಿನ ಅವರು ಗ್ರೂಪಲ್ಲಿ ನಾಲ್ಕು ಸಾಲು ಬರೆಯಬೇಕು, ರಸ್ತೆಯ ಫೋಟೋ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಹಳದಿ ಗೊಂಬೆಯನ್ನು ರಸ್ತೆ ಮೇಲೆ ಬಿಟ್ಟು ಒಂದು ಸ್ಕ್ರೀನ್‌ಶಾಟ್ ಹಾಕಬೇಕು. ವಿಕಿಪೀಡಿಯಾದಿಂದ ಉದ್ದಕ್ಕೆ ನಕಲು ಹೊಡೆದರೆ ಯಾರೂ ಓದುವುದಿಲ್ಲ. ನಿಮಗೆ ಶುರುವಿಗೆ ಬೇಕಾಗುವಷ್ಟು ಇಲ್ಲಿ ಕೊಡುತ್ತೇನೆ.

ಬಾರ್‌ಸ್ಟೋ ರೈಲ್ವೆ ಊರು. ಹೆಸರೇ ಸಾಂಟಾ ಫೆ ರೈಲ್ವೆಯ ಅಧ್ಯಕ್ಷ ವಿಲಿಯಂ ಬಾರ್‌ಸ್ಟೋ ಸ್ಟ್ರಾಂಗ್ ಅವರದ್ದು. 1911ರಲ್ಲಿ ಕಟ್ಟಿದ ಸ್ಟೇಷನ್ ಕಟ್ಟಡ ಈಗಲೂ ನಿಂತಿದೆ. ಊರ ಪಕ್ಕದ ಮೊಹಾವಿ ನದಿಯನ್ನು ಸ್ಯಾಟಲೈಟ್ ನೋಟದಲ್ಲಿ ನೋಡಿ. ಬರೀ ಮರಳು. ನೀರು ಬಹುಪಾಲು ನೆಲದಡಿಯಲ್ಲೇ ಹರಿಯುತ್ತದೆ. ಹಗರಿ ಸೇತುವೆ ಮೇಲೆ ನಿಂತು ಬೇಸಿಗೆಯಲ್ಲಿ ಕೆಳಗೆ ನೋಡಿದವರಿಗೆ ಆ ನೋಟ ಹೊಸದೇನಲ್ಲ.

ಲಡ್ಲೋ ಬಗ್ಗೆ ಹೇಳುವುದು ಕಡಿಮೆ. ಪೆಟ್ರೋಲ್ ಬಂಕ್, ಹೋಟೆಲ್, ಪಾಳುಬಿದ್ದ ಮನೆಗಳು. ಮೊದಲ 80 ಕಿ.ಮೀ. ಮುಗಿದದ್ದೇ ಸಂಭ್ರಮ ಅನ್ನಿ.

ಲಡ್ಲೋ ದಾಟಿ ಆಂಬಾಯ್‌ಗೆ ಹೋಗುವಾಗ, ಇನ್ನು 12-13 ಕಿ.ಮೀ. ಇದೆ ಅನ್ನುವಲ್ಲಿ ನಿಲ್ಲಿ. ಅಲ್ಲಿ ಬಗ್ದಾದ್ ಎಂಬ ಊರಿತ್ತು. ಇರಾಕಿನದ್ದಲ್ಲ, ಕ್ಯಾಲಿಫೋರ್ನಿಯಾದ್ದು. 1912ರ ಅಕ್ಟೋಬರ್ 3ರಿಂದ 1914ರ ನವೆಂಬರ್ 8ರವರೆಗೆ, 767 ದಿನ ಅಲ್ಲಿ ಒಂದು ಹನಿ ಮಳೆ ಬೀಳಲಿಲ್ಲ. ಅಮೆರಿಕದಲ್ಲಿ ದಾಖಲಾದ ಅತಿ ಉದ್ದದ ಒಣ ಅವಧಿ ಅದು. ಈಗ ಊರೇ ಇಲ್ಲ. ನಕ್ಷೆಯಲ್ಲಿ ಗುರುತು ಹಾಕಿದಾಗ ನಮ್ಮ ಗುಂಪಿನ ಕೊಪ್ಪಳದ ಹುಡುಗ "ಅಣ್ಣಾ, ಇಲ್ಲಿ ಊರಾ ಇಲ್ಲಲ್ರೀ, ಎಲ್ಲಿ ನಿಂದರಬೇಕು?" ಅಂದ. ಬರ ಅಂದರೆ ಗೊತ್ತಿರುವ ಜಿಲ್ಲೆಯವರು ನಾವು. ಆದರೂ ಎರಡು ವರ್ಷ ಸೊನ್ನೆ ಅಂದರೆ ಸುಮ್ನೆ ಮಾತಲ್ಲ.

ಆಂಬಾಯ್ ಈ ದಾರಿಯ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ಜಾಗ. ರಾಯ್ಸ್ ಅನ್ನುವ ಮೋಟೆಲ್, ಅದರ ಮುಂದೆ 1959ರಲ್ಲಿ ನಿಲ್ಲಿಸಿದ ಎತ್ತರದ ಬೋರ್ಡ್. ಇಂಟರ್‌ಸ್ಟೇಟ್ ರಸ್ತೆ ಬೇರೆ ಕಡೆಯಿಂದ ಹೋದ ಮೇಲೆ ಊರು ಖಾಲಿಯಾಯಿತು. 2005ರಲ್ಲಿ ಕೋಳಿ ಹೋಟೆಲ್‌ಗಳ ಮಾಲೀಕ ಆಲ್ಬರ್ಟ್ ಒಕುರಾ ಇಡೀ ಊರನ್ನೇ ಕೊಂಡರು. ಹೌದು, ಊರನ್ನೇ. ಪಕ್ಕದಲ್ಲಿ ತಣ್ಣಗಾದ ಜ್ವಾಲಾಮುಖಿಯ ಕುಳಿ ಇದೆ, ಸುತ್ತಲಿನ ನೆಲಕ್ಕಿಂತ ಸುಮಾರು 75 ಮೀಟರ್ ಎತ್ತರ. ಆ ವಾರ ಬಳ್ಳಾರಿ ಕೋಟೆ ಗುಡ್ಡ ಹತ್ತಿ ಬನ್ನಿ, ಕುಳಿ ಹತ್ತಿದ ಲೆಕ್ಕಕ್ಕೆ ಸರಿಯಾಗುತ್ತದೆ.

ಇನ್ನು ಬರುವುದೇ ಗಂಡಾಂತರದ ತುಂಡು. ಆಂಬಾಯ್‌ಯಿಂದ ನೀಡಲ್ಸ್, 125 ಕಿ.ಮೀ., ನಡುವೆ ಊರು ಅನ್ನುವ ಊರಿಲ್ಲ. ನಮ್ಮ ವೇಗದಲ್ಲಿ ನಾಲ್ಕು ವಾರಕ್ಕೂ ಜಾಸ್ತಿ. ಜನ ಕೈಬಿಡುವುದು ಇಲ್ಲೇ. ಇದಕ್ಕೆ ಔಷಧಿ ರೈಲ್ವೆಯವರೇ ಇಟ್ಟು ಹೋಗಿದ್ದಾರೆ. 1880ರ ದಶಕದಲ್ಲಿ ಇಲ್ಲಿ ಹಳಿ ಹಾಕಿದಾಗ ಉಗಿ ಎಂಜಿನ್‌ಗೆ ನೀರು ಬೇಕಿತ್ತು, ಅದಕ್ಕೆ ಅಲ್ಲಲ್ಲಿ ನಿಲ್ದಾಣ ಬೇಕಿತ್ತು. ಹೆಸರಿಡುವುದಕ್ಕೆ ಅಲ್ಲಿ ಜನವೇ ಇರಲಿಲ್ಲವಲ್ಲ, ಸುಮ್ನೆ ಇಂಗ್ಲಿಷ್ ಅಕ್ಷರಮಾಲೆ ಹಿಡಿದು ಹೆಸರಿಡುತ್ತಾ ಹೋದರು. ಆಂಬಾಯ್, ಬ್ರಿಸ್ಟಲ್, ಕೇಡಿಜ್, ಡ್ಯಾನ್ಬಿ, ಎಸೆಕ್ಸ್, ಫೆನ್ನರ್, ಗಾಫ್ಸ್. ಎ ಬಿ ಸಿ ಡಿ ಇ ಎಫ್ ಜಿ. ಆ ಹೆಸರುಗಳನ್ನೇ ನಿಮ್ಮ ಊರುಗಳು ಮಾಡಿಕೊಳ್ಳಿ, 15-20 ಕಿ.ಮೀ.ಗೆ ಒಂದರಂತೆ ಶೀಟಲ್ಲಿ ಹಾಕಿ. ಗಾಫ್ಸ್‌ನಲ್ಲಿ 1914ರ ಹಳೇ ಶಾಲೆ ಕಟ್ಟಡ ಇದೆ. 1931ರಲ್ಲಿ ರಸ್ತೆಯನ್ನು ನೇರ ಮಾಡಿದಾಗ ಗಾಫ್ಸ್ ಬದಿಗೆ ಬಿತ್ತು, ಅದರ ಮೂಲಕ ಹೋದರೆ ದೂರ ಒಂದಿಷ್ಟು ಜಾಸ್ತಿ. ನನಗೆ ಕೇಳಿದರೆ ಹೋಗಿ ಅನ್ನುತ್ತೇನೆ.

ಆಂಬಾಯ್ ಆಚೆ ಈಚೆ ಸ್ಟ್ರೀಟ್ ವ್ಯೂನಲ್ಲಿ ನಿಧಾನಕ್ಕೆ ಹೋಗಿ ನೋಡಿ. ರಸ್ತೆ ಪಕ್ಕದಲ್ಲಿ ಉದ್ದಕ್ಕೆ ಒಂದು ಮಣ್ಣಿನ ಒಡ್ಡು ಕಾಣುತ್ತದೆ. ಮಳೆ ಬಂದಾಗ ನುಗ್ಗುವ ನೀರನ್ನು ಸಣ್ಣ ಮರದ ಸೇತುವೆಗಳ ಕಡೆ ತಿರುಗಿಸುವುದಕ್ಕೆ ಮಾಡಿದ್ದು. ಆ ಒಡ್ಡಿನ ಮೈಮೇಲೆ ಹೋಗಿಬರುವವರು ಕಪ್ಪು, ಬಿಳಿ ಕಲ್ಲು ಜೋಡಿಸಿ ತಮ್ಮ ಹೆಸರು ಬರೆದಿದ್ದಾರೆ. ಕಿಲೋಮೀಟರ್‌ಗಟ್ಟಲೆ ಬರೀ ಹೆಸರುಗಳು. ನಮ್ಮವರು ಕೋಟೆ ಗೋಡೆ ಮೇಲೆ ಹೃದಯ ಕೆತ್ತುವುದಕ್ಕಿಂತ ಇದು ವಾಸಿ, ಬೇಡವಾದಾಗ ಕಲ್ಲು ತೆಗೆದರೆ ಆಯಿತು.

ನೀಡಲ್ಸ್‌ಗೆ ಬಂದರೆ ಕೊಲರಾಡೋ ನದಿ. ನೀರು ನೋಡಿ ಜೀವ ಬರುತ್ತದೆ. ಸೂಜಿಯಂತೆ ಚೂಪಾದ ಬಂಡೆಗಳಿಂದ ಊರಿಗೆ ಆ ಹೆಸರು, ಬಂಡೆಗಳಿರುವುದು ನದಿಯ ಆಚೆ ಅರಿಜೋನಾದಲ್ಲಿ. ಜುಲೈಯಲ್ಲಿ ಇಲ್ಲಿ 45 ಡಿಗ್ರಿ ದಾಟುವುದು ದೊಡ್ಡ ಸುದ್ದಿಯೇ ಅಲ್ಲ. ಸ್ನೂಪಿ ನಾಯಿಯ ಕಾಮಿಕ್ ಬರೆದ ಚಾರ್ಲ್ಸ್ ಶುಲ್ಜ್ ಚಿಕ್ಕವರಿದ್ದಾಗ ಸ್ವಲ್ಪ ಕಾಲ ಇಲ್ಲಿದ್ದರು, ಸ್ನೂಪಿಯ ಅಣ್ಣ ಸ್ಪೈಕ್‌ನ ಮನೆಯೂ ಈ ಮರುಭೂಮಿಯಲ್ಲೇ. ಆದರೆ ನಮಗೆ ಹೆಚ್ಚು ಹತ್ತಿರವಾದದ್ದು ನದಿಯ ಕಥೆ. ಮೇಲ್ಗಡೆ ಹೂವರ್ ಅಣೆಕಟ್ಟು, 1930ರ ದಶಕದ್ದು. 1922ರಿಂದಲೂ ಏಳು ರಾಜ್ಯಗಳು ಈ ನೀರು ಹಂಚಿಕೊಳ್ಳುತ್ತಿವೆ, ಜಗಳ ಇನ್ನೂ ಮುಗಿದಿಲ್ಲ. ತುಂಗಭದ್ರಾ ಎಡದಂಡೆ, ಬಲದಂಡೆ, ಕೊನೇ ಭಾಗಕ್ಕೆ ನೀರು ಬಂತಾ ಇಲ್ಲವಾ ಅಂತ ಮಾತಾಡಿಯೇ ಬೆಳೆದವರಿಗೆ ಇದನ್ನು ವಿವರಿಸುವ ಅಗತ್ಯ ಇಲ್ಲ. ಸಿಂಧನೂರು, ಮಾನ್ವಿ ಕಡೆಯವರು ಗುಂಪಲ್ಲಿದ್ದರೆ ಈ ಊರನ್ನು ಅವರಿಗೇ ಕೊಡಿ, ನಾಲ್ಕು ಸಾಲು ಅಂದರೆ ನಲವತ್ತು ಬರೆಯುತ್ತಾರೆ.

ನೀಡಲ್ಸ್ ಸಮುದ್ರ ಮಟ್ಟಕ್ಕಿಂತ 150 ಮೀಟರ್ ಎತ್ತರದಲ್ಲಿದೆ. ಓಟ್‌ಮನ್ ದಾಟಿ ಸಿಟ್‌ಗ್ರೀವ್ಸ್ ಕಣಿವೆ ಹತ್ತುವಷ್ಟರಲ್ಲಿ ಸುಮಾರು 1,080 ಮೀಟರ್. ತಿರುವುಗಳು ಎಷ್ಟು ಕಡಿದು ಅಂದರೆ, 1950ರ ದಶಕದ ಶುರುವಿನಲ್ಲಿ ಬೇರೆ ರಸ್ತೆ ಮಾಡಿ ಇದನ್ನು ಕೈಬಿಟ್ಟರು. ಈ 85 ಕಿ.ಮೀ.ಯನ್ನು ಸಪಾಟು ನೆಲದಲ್ಲಿ ಓಡಿ ಮುಗಿಸಿದರೆ ಮಜಾ ಇಲ್ಲ. ಒಂದು ನಿಯಮ ಮಾಡಿ: ಈ ತುಂಡಿನಲ್ಲಿ ಪ್ರತಿಯೊಬ್ಬರೂ ಒಂದು ಗುಡ್ಡ ಹತ್ತಲೇಬೇಕು. ಕೊಪ್ಪಳದವರಿಗೆ ಕೋಟೆ ಇದೆ, ಗಂಗಾವತಿ ಕಡೆಯವರಿಗೆ ಅಂಜನಾದ್ರಿಯ 575 ಮೆಟ್ಟಿಲು ಇವೆ, ರಾಯಚೂರಿನವರಿಗೆ ಊರ ಕೋಟೆ ಗುಡ್ಡ. ಅಂಜನಾದ್ರಿಗೆ ಶನಿವಾರ ಹೋಗಬೇಡಿ, ಓಡುವುದಿರಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ.

ಓಟ್‌ಮನ್ ಚಿನ್ನದ ಊರು. 1915ರಲ್ಲಿ ದೊಡ್ಡ ಅದಿರು ಸಿಕ್ಕಿ ಜನ ಮುಗಿಬಿದ್ದರು. ಎರಡನೇ ಮಹಾಯುದ್ಧದ ಹೊತ್ತಲ್ಲಿ, 1942ರಲ್ಲಿ, ಯುದ್ಧಕ್ಕೆ ಬೇಕಾದ ಲೋಹ ಮೊದಲು ಅಂತ ಸರ್ಕಾರ ಚಿನ್ನದ ಗಣಿ ನಿಲ್ಲಿಸಿತು. ನಮ್ಮ ಹಟ್ಟಿಯಲ್ಲಿ ಇನ್ನೂ ಚಿನ್ನ ತೆಗೆಯುತ್ತಿದ್ದಾರೆ, ಓಟ್‌ಮನ್‌ನಲ್ಲಿ ಉಳಿದದ್ದು ಕತ್ತೆಗಳು. ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತಾನ ನಮ್ಮ ಬೀದಿ ದನಗಳ ಹಾಗೆ ಪೇಟೆ ನಡುವೆ ನಿಂತಿರುತ್ತವೆ, ಕಾರಿನ ಕಿಟಕಿಯೊಳಗೆ ಮುಸುಡಿ ತೂರಿಸುತ್ತವೆ. 1971ರ ಕಾನೂನಿನ ಪ್ರಕಾರ ಅವುಗಳಿಗೆ ರಕ್ಷಣೆ ಇದೆ, ಸರ್ಕಾರ ಬಿಟ್ಟು ಬೇರೆ ಯಾರೂ ಹಿಡಿದು ಸಾಗಿಸುವ ಹಾಗಿಲ್ಲ. ಜನ ಈಗ ಆ ಊರಿಗೆ ಬರುವುದೇ ಕತ್ತೆ ನೋಡುವುದಕ್ಕೆ.

ಕಿಂಗ್‌ಮನ್‌ನಲ್ಲಿ ಒಂದು ವಾರ ವಿಶ್ರಾಂತಿ ತಗೊಳ್ಳಿ. ಅರ್ಧಕ್ಕಿಂತ ಜಾಸ್ತಿ ಮುಗಿದಿರುತ್ತದೆ, ಮೊಣಕಾಲು ಏನಾದರೂ ಹೇಳುವುದಿದ್ದರೆ ಈಗ ಹೇಳುತ್ತದೆ. ಅಲ್ಲಿಂದ ಮುಂದಿನ 140 ಕಿ.ಮೀ. ಕೂಡ ಉದ್ದದ್ದೇ, ಆದರೆ ಹ್ಯಾಕ್‌ಬೆರಿಯ ಹಳೇ ಅಂಗಡಿ, ಹುವಾಲಪಾಯ್ ಬುಡಕಟ್ಟಿನ ಆಡಳಿತ ಇರುವ ಪೀಚ್ ಸ್ಪ್ರಿಂಗ್ಸ್ ನಡುವೆ ಸಿಗುತ್ತವೆ, ಹಾಗಾಗಿ ಬೇಜಾರಾಗುವುದಿಲ್ಲ.

ಸೆಲಿಗ್‌ಮನ್ ಕಥೆ ಕೇಳಿ. 1978ರ ಸೆಪ್ಟೆಂಬರ್ 22ರಂದು ಇಂಟರ್‌ಸ್ಟೇಟ್ 40 ಆ ಊರನ್ನು ಬದಿಗೆ ಬಿಟ್ಟು ತೆರೆಯಿತು. ನಿನ್ನೆವರೆಗೆ ಸಾವಿರಾರು ಗಾಡಿ ಹೋಗುತ್ತಿದ್ದ ಬೀದಿ ಒಂದೇ ದಿನಕ್ಕೆ ಖಾಲಿ. ಬೈಪಾಸ್ ಬಂದ ಮೇಲೆ ಹೆದ್ದಾರಿ ಬದಿಯ ಚಹಾ ಅಂಗಡಿಗೆ ಏನಾಗುತ್ತದೆ ಅಂತ ಹೊಸಪೇಟೆ ರಸ್ತೆಯಲ್ಲಿ ಓಡಾಡುವವರಿಗೆ ಗೊತ್ತೇ ಇದೆ. ಆ ಊರಿನ ಕ್ಷೌರಿಕ ಏಂಜಲ್ ಡೆಲ್ಗಡಿಲೋ ಸುಮ್ಮನೆ ಕೂರಲಿಲ್ಲ. 1987ರಲ್ಲಿ ಊರಿನವರನ್ನು, ಅಕ್ಕಪಕ್ಕದ ಊರಿನವರನ್ನು ಸೇರಿಸಿ ಸಂಘ ಕಟ್ಟಿ, ಹಳೇ ರಸ್ತೆಯನ್ನು ಐತಿಹಾಸಿಕ ರಸ್ತೆ ಅಂತ ರಾಜ್ಯ ಸರ್ಕಾರದಿಂದ ಘೋಷಣೆ ಮಾಡಿಸಿದರು. ಅಷ್ಟೊತ್ತಿಗೆ ರೂಟ್ 66 ಅನ್ನುವ ಹೆಸರನ್ನೇ 1985ರಲ್ಲಿ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿದ್ದರು. ನಾವು ಇವತ್ತು ಬಳ್ಳಾರಿಯಲ್ಲಿ ಕೂತು ಈ ದಾರಿ ಆರಿಸಿಕೊಳ್ಳುವುದಕ್ಕೆ ಒಂದು ಕಾರಣ ಆ ಕಟಿಂಗ್ ಶಾಪ್.

ರೂಟ್ 66ರಲ್ಲಿ ಎಲ್ಲಕ್ಕಿಂತ ಕೊನೆಗೆ ಬೈಪಾಸ್ ಆದ ಊರು ವಿಲಿಯಮ್ಸ್, 1984ರಲ್ಲಿ. ಅಲ್ಲಿಂದ ಮರುಭೂಮಿ ಹೋಗಿ ಪೈನ್ ಮರಗಳು ಶುರುವಾಗುತ್ತವೆ. ಫ್ಲ್ಯಾಗ್‌ಸ್ಟಾಫ್ 2,100 ಮೀಟರ್ ಎತ್ತರದಲ್ಲಿದೆ, ಚಳಿಗಾಲದಲ್ಲಿ ಹಿಮ ಬೀಳುತ್ತದೆ. 1930ರಲ್ಲಿ ಪ್ಲೂಟೋ ಪತ್ತೆಯಾದದ್ದು ಇಲ್ಲಿನ ಲೋವೆಲ್ ವೀಕ್ಷಣಾಲಯದಲ್ಲಿ.

ಬಿಸಿಲು, ನೀರು, ಧೂಳು

ನಕ್ಷೆ ಅಮೆರಿಕದ್ದಾದರೂ ಮೈ ಇಲ್ಲಿಯದು. ರಾಯಚೂರಿನಲ್ಲಿ 1928ರ ಮೇ 23ರಂದು 45.6 ಡಿಗ್ರಿ ದಾಖಲಾಗಿತ್ತು. ತಮಾಷೆ ಏನೆಂದರೆ ಅದೇ ವಾರ, ಮೇ 26ಕ್ಕೆ, ಇದೇ ರೂಟ್ 66 ಹಿಡಿದು ನಿಜವಾಗಿ ಅಮೆರಿಕ ದಾಟಿದ ಓಟವೊಂದು ನ್ಯೂಯಾರ್ಕ್‌ನಲ್ಲಿ ಮುಗಿಯಿತು. ಮಾರ್ಚ್ 4ರಂದು ಲಾಸ್ ಏಂಜಲಿಸ್‌ನಲ್ಲಿ 199 ಜನ ಶುರು ಮಾಡಿದ್ದರು, ಮುಗಿಸಿದ್ದು 55. ಗೆದ್ದದ್ದು ಒಕ್ಲಹೋಮಾದ ಚೆರೋಕೀ ಹುಡುಗ ಆ್ಯಂಡಿ ಪೇನ್, 20 ವರ್ಷ. ಸುಮಾರು 5,500 ಕಿ.ಮೀ., 84 ದಿನ, ದಿನಕ್ಕೆ ಸರಾಸರಿ 65 ಕಿ.ಮೀ. ಬಹುಮಾನದ 25,000 ಡಾಲರ್‌ನಲ್ಲಿ ಮನೆಯ ಜಮೀನಿನ ಸಾಲ ತೀರಿಸಿದ. ಅದನ್ನು ಓದಿ ಉಮೇದು ಬಂದು ಮೊದಲ ವಾರವೇ 50 ಕಿ.ಮೀ. ಹೊಡೆಯಬೇಡಿ. ಈಗ ಎಷ್ಟು ಓಡುತ್ತಿದ್ದೀರೋ ಅದರ ಮೇಲೆ ವಾರಕ್ಕೆ ನೂರಕ್ಕೆ ಹತ್ತರಷ್ಟು ಏರಿಸಿದರೆ ಸಾಕು.

ಬೆಳಗ್ಗೆ 5ರಿಂದ 7ರ ಒಳಗೆ ಮುಗಿಸಿ. ಫೆಬ್ರವರಿ ಕೊನೆಯಿಂದ ಇನ್ನೂ ಅರ್ಧ ಗಂಟೆ ಮುಂಚೆ. ಸಂಜೆ ಓಡುತ್ತೇವೆ ಅನ್ನುವವರಿಗೆ ನಾನು ಬೇಡ ಅನ್ನುತ್ತೇನೆ. ನಮ್ಮ ಬಂಡೆ, ಡಾಂಬರು ಇಡೀ ದಿನ ಕಾದು ಸಂಜೆ 7ಕ್ಕೂ ಕಾವು ಬಿಡುತ್ತಿರುತ್ತವೆ. ಬಿಸಿಲಿಗೆ ಮೈ ಒಗ್ಗುವುದಕ್ಕೆ ಒಂದೆರಡು ವಾರ ಬೇಕು. ಅಲ್ಲಿಯವರೆಗೆ ವೇಗ ನೋಡಬೇಡಿ, ಗಡಿಯಾರ ಮನೆಯಲ್ಲೇ ಬಿಡಿ.

ಬರೀ ನೀರು ಕುಡಿದರೆ ಸಾಲದು. ಒಂದು ಗಂಟೆಗಿಂತ ಹೆಚ್ಚು ಓಡಿದ ದಿನ ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಶರಬತ್ತು, ಇಲ್ಲವೇ ಓಆರ್‌ಎಸ್ ಪೊಟ್ಟಣ. ತಲೆ ಸುತ್ತುವುದು, ವಾಂತಿ ಬರುವ ಹಾಗಾಗುವುದು, ಮಾತು ತೊದಲುವುದು, ಮೈ ಕಾದಂತಿದ್ದು ಏನೇನೋ ಬಡಬಡಿಸುವುದು ಕಂಡರೆ ಓಟ ಅಲ್ಲಿಗೇ ನಿಲ್ಲಬೇಕು. ನೆರಳಿಗೆ ಕರೆದೊಯ್ದು ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಾ 108ಕ್ಕೆ ಫೋನ್ ಮಾಡಿ. ಸ್ವಲ್ಪ ಹೊತ್ತು ಮಲಗಿದರೆ ಸರಿಹೋಗುತ್ತದೆ ಅಂತ ಕಾಯಬೇಡಿ. ಹೃದಯದ ತೊಂದರೆ, ಬಿಪಿ, ಶುಗರ್ ಇದ್ದವರು ಡಾಕ್ಟರ್ ಕೇಳಿಯೇ ಸೇರಲಿ.

ಜಾಗ ಆರಿಸುವಾಗ ಮೊದಲು ಲಾರಿ ನೋಡಿ. ಸಂಡೂರು, ತೋರಣಗಲ್ಲು ಕಡೆ ಅದಿರಿನ ಲಾರಿ ಓಡಾಡುವ ರಸ್ತೆ ಬೇಡವೇ ಬೇಡ. ಕೆಂಪು ಧೂಳು ಬಟ್ಟೆಗೆ ಹಿಡಿದದ್ದು ಒಗೆದರೂ ಹೋಗುವುದಿಲ್ಲ, ಎದೆಗೆ ಹೋದರೆ ಗತಿ ಏನು. ಗಿಣಿಗೇರಾ ಸುತ್ತ ಹೊಗೆ ಇರುವ ದಿನ ಮನೆಯಲ್ಲೇ ಇರಿ. ಮೈದಾನದಲ್ಲಿ ಸುತ್ತು ಹೊಡೆಯುವುದು ಬೇಜಾರು ಅನಿಸಿದರೆ ಕಾಲುವೆ ಏರಿ ಒಳ್ಳೆಯದು, ಮಣ್ಣು ಮೆತ್ತಗಿರುತ್ತದೆ. ಆದರೆ ಕತ್ತಲಲ್ಲಿ ಒಬ್ಬರೇ ಹೋಗಬೇಡಿ, ಹಾವು ಇರುತ್ತವೆ, ಏರಿ ಅಂಚು ಜಾರುತ್ತದೆ. ತಲೆಗೆ ಕಟ್ಟುವ ಲೈಟ್, ಹೊಳೆಯುವ ಪಟ್ಟಿಯ ಜಾಕೆಟ್ ಎರಡೂ ಕಡಿಮೆ ದುಡ್ಡಿಗೆ ಸಿಗುತ್ತವೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ ನಡೆಯಿರಿ.

ಗುಂಪು ನಡೆಸುವುದು

ಐದಾರು ಜನಕ್ಕಿಂತ ಜಾಸ್ತಿ ಇದ್ದರೆ ಇಬ್ಬರು ಲೆಕ್ಕ ನೋಡಲಿ, ಒಬ್ಬರಿಗೆ ಮದುವೆ ಕಾರ್ಯ ಬಂದರೆ ಇನ್ನೊಬ್ಬರು ಇರುತ್ತಾರೆ. ಗ್ರೂಪಲ್ಲಿ ವೇಗದ ಸ್ಕ್ರೀನ್‌ಶಾಟ್ ಹಾಕುವುದನ್ನು ನಿಲ್ಲಿಸಿ. ಕಿಲೋಮೀಟರ್‌ಗೆ ಎಷ್ಟು ನಿಮಿಷ ಅಂತ ಶುರುವಾದರೆ ನಡೆಯುವ ಅಕ್ಕಂದಿರು ಒಬ್ಬೊಬ್ಬರಾಗಿ ಮೌನವಾಗುತ್ತಾರೆ, ಆಮೇಲೆ ಬಿಟ್ಟು ಹೋಗುತ್ತಾರೆ.

ಒಂದು ಚಿಕ್ಕ ಮಜಾ ಹೇಳುತ್ತೇನೆ. ಅರಿಜೋನಾ ಗಡಿಯಾರ ವರ್ಷಪೂರ್ತಿ ನಮಗಿಂತ ಹನ್ನೆರಡೂವರೆ ಗಂಟೆ ಹಿಂದೆ. ನಾವು ಬೆಳಗ್ಗೆ ಐದೂವರೆಗೆ ಶೂ ಕಟ್ಟುವಾಗ ಸೆಲಿಗ್‌ಮನ್‌ನಲ್ಲಿ ನಿನ್ನೆಯ ಸಂಜೆ 5 ಗಂಟೆ. ಊರು ಮುಟ್ಟುವ ದಿನ ಅಲ್ಲಿನ ಹವಾಮಾನ ನೋಡಿ ನಮ್ಮದರ ಪಕ್ಕದಲ್ಲಿ ಬರೆಯಿರಿ. ಜನವರಿಯಲ್ಲಿ ಅವರಿಗೆ ಸೊನ್ನೆ, ನಮಗೆ ಸ್ವೆಟರ್ ಕೂಡ ಬೇಡದ ಚಳಿ.

ಊರು ಮುಟ್ಟಿದ ಭಾನುವಾರ ಎಲ್ಲರೂ ಒಟ್ಟಿಗೆ ನಿಧಾನಕ್ಕೆ ಓಡಿ, ಆಮೇಲೆ ಒಗ್ಗಾಣಿ ಮಿರ್ಚಿ ತಿನ್ನಿ. ಓಡಿದ್ದೆಲ್ಲ ಎಣ್ಣೆಯಲ್ಲಿ ಹೋಯಿತು ಅನ್ನುವವರು ಮನೆಗೆ ಹೋಗಿ ಸಜ್ಜೆ ರೊಟ್ಟಿ ತಿನ್ನಲಿ, ಯಾರೂ ಬೇಡ ಅನ್ನುವುದಿಲ್ಲ.

ಯುಗಾದಿ ಬಂದರೂ ಕೆಲವರ ಗುರುತು ಕಿಂಗ್‌ಮನ್ ಆಸುಪಾಸೇ ಇರುತ್ತದೆ. ಅವರಿಗೆ ಜೂನ್‌ವರೆಗೆ ಸಮಯ ಕೊಡಿ, ಬೇಸಿಗೆಯಲ್ಲಿ ವಾರಕ್ಕೆ 10 ಕಿ.ಮೀ. ನಡೆದರೂ ಸಾಕು ಅನ್ನಿ. ಮುಂಚೆ ಮುಗಿಸಿದವರು ಕಾಯುತ್ತಾ ಕೂರುವುದು ಬೇಡ. ಫ್ಲ್ಯಾಗ್‌ಸ್ಟಾಫ್‌ನಿಂದ ವಿನ್ಸ್‌ಲೋ 93 ಕಿ.ಮೀ., ಅಲ್ಲಿಂದ ಹಾಲ್‌ಬ್ರುಕ್ 53. ಹಾಲ್‌ಬ್ರುಕ್ ಪಕ್ಕದಲ್ಲೇ ಮರಗಳು ಕಲ್ಲಾಗಿ ಬಿದ್ದಿರುವ ರಾಷ್ಟ್ರೀಯ ಉದ್ಯಾನ ಇದೆ. ಶೀಟಲ್ಲಿ ಕೆಳಗೆ ಇನ್ನೆರಡು ಸಾಲು ಸೇರಿಸಿ.